ಒಲೆಯ ಮುಂದೆ ಐವತ್ತೆರಡು ಎಲೆ

ಪಾಸಾದಳು! ನನ್ನ ಮೊಮ್ಮಗಳು ಪಿಯುಸಿ ಗಣಿತದಲ್ಲಿ ಪಾಸಾದಳು! ಇವತ್ತು ಮುಂಜಾನೆ ಮೊಬೈಲಿನಲ್ಲಿ ಫಲಿತಾಂಶ ಬಂತು. ಓಣಿಯಲ್ಲಿ ಎದುರಾದವರಿಗೆಲ್ಲ ಸಕ್ಕರೆ ಹಂಚಿದೆ, ಹಾಲು ಹಾಕುವವನಿಗೆ ಎರಡು ಸಲ ಕೊಟ್ಟೆನಂತೆ. ನಾನು ಕಲಿತದ್ದು ಮೂರನೇ ಇಯತ್ತೆ. ಬರೆದು ರೂಢಿಯಿಲ್ಲ. ಆದರೂ ಇವತ್ತು ಬರೆಯದೆ ಇರಲಾರೆ.

ಈ ಬೇಸಿಗೆ ಪೂರ್ತಿ ನಮ್ಮ ಮನೆಯಲ್ಲಿ ಯಾರಿಗೂ ಗಂಟಲಲ್ಲಿ ತುತ್ತು ಇಳಿದಿರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಹುಡುಗಿ ಗಣಿತವೊಂದರಲ್ಲೇ ಫೇಲಾಗಿದ್ದಳು. ಅವಳ ಅಪ್ಪ, ಅಂದರೆ ನನ್ನ ಮಗ, ಕಬ್ಬಿಗೆ ನೀರು ಹಾಯಿಸಿ ಬಂದವನು ಕೈಕಾಲು ಕೂಡ ತೊಳೆಯದೆ ಹೇಳಿದ:

"ಇನ್ನೊಂದ ಸಲ ಬರಿ. ಅದೂ ಹೋತಂದ್ರ ಕೊಗನೊಳ್ಳಿಯವರಿಗೆ ಹೂಂ ಅಂತೇನಿ. ಆಮ್ಯಾಲ ಅಳಬ್ಯಾಡ."

ಕೊಗನೊಳ್ಳಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗಿಗೆ ನಿಪ್ಪಾಣಿಯಲ್ಲಿ ಬಿ.ಎಸ್ಸಿ. ಮಾಡುವ ಆಸೆ. ಅಪ್ಪನಿಗೆ ಎದುರು ಮಾತಾಡಲಿಲ್ಲ. ರಾತ್ರಿ ನನ್ನ ಪಕ್ಕದಲ್ಲಿ ಮಲಗಿ ಬಿಕ್ಕುತ್ತಿದ್ದಳು.

"ಯಾವ ಲೆಕ್ಕ ಬರೂದಿಲ್ಲವಾ ನಿನಗ?" ಎಂದೆ.

"ಸಂಭವನೀಯತೆ ಆಯಿ. ಅದರಾಗ ಇಸ್ಪೀಟ್ ಎಲಿ ಬರ್ತಾವ. 'ಇದು ಎಲ್ಲಾರಿಗೂ ಗೊತ್ತಿದ್ದದ್ದ' ಅಂದು ಸರ್ ಮುಂದ ಹೋಗಿಬಿಟ್ರು. ಗಂಡ ಹುಡುಗ್ರು ನಕ್ಕರು. ಕೇಳಾಕ ನಾಚಿಕಿ ಆತು."

ಮೊಬೈಲಿನಲ್ಲಿ ಚಿತ್ರ ನೋಡಿದ್ದಳಂತೆ, ಆದರೆ ಪರೀಕ್ಷೆಗೆ ಕೂತಾಗ ಯಾವುದು ಎಷ್ಟು ಎಂಬುದು ಕಲಸಿಹೋಯಿತಂತೆ. ತಪ್ಪು ಅವಳದಲ್ಲ. ನಮ್ಮ ಮನೆಯಲ್ಲಿ ಇಸ್ಪೀಟಿನ ಹೆಸರೆತ್ತುವಂತಿರಲಿಲ್ಲ. ನನ್ನ ತಮ್ಮ ಆ ಆಟಕ್ಕೆ ಬಿದ್ದು ಅಥಣಿ, ರಾಯಬಾಗ ಎಂದು ಊರೂರು ತಿರುಗಿ, ಕೊನೆಗೆ ಮನೆಯ ದಾರಿಯನ್ನೇ ಬಿಟ್ಟ. ನಮ್ಮವ್ವ ಅವನ ಹೆಸರು ಹೇಳುತ್ತಲೇ ಸತ್ತಳು. ನನ್ನ ಮಗ ಚಿಕ್ಕಂದಿನಲ್ಲಿ ಅದನ್ನೆಲ್ಲ ಕಂಡವನು.

ಎರಡು ದಿನ ನನ್ನಲ್ಲೇ ಜಗ್ಗಾಡಿದೆ. ಮೂರನೇ ದಿನ ಸೆರಗು ಹೊದ್ದು ನಮ್ಮ ಕರೋಶಿಯ ಹುಣಸೆಮರದ ಕಟ್ಟೆಗೆ ನಡೆದೆ. ಊರ ಗಂಡಸರು ಅಲ್ಲಿ ಆಡುತ್ತ ಕೂತಿದ್ದರು.

"ಕಾಕು ಬಂದ್ಲು, ಮುಚ್ಚರಲೇ!" ಎಂದು ಒಬ್ಬ ಎಲೆಗಳ ಮೇಲೆ ಟವೆಲ್ ಎಸೆದ. "ಏನಿಲ್ಲ ಕಾಕು, ಸುಮ್ನ ಕುಂತೇವಿ."

"ಸುಮ್ನ ಕುಂತವನ ತೊಡಿ ಕೆಳಗಿಂದ ರಾಣಿ ಯಾಕ ಇಣಕಾಕತ್ತಾಳ? ನನಗ ಒಂದ ಕಟ್ಟು ಎಲಿ ಬೇಕು. ಪೂರಾ ಇರಬೇಕು ಮತ್ತ."

"ಈ ವಯಸ್ಸಿನಾಗ ಏನ್ ಚಟ ಕಾಕು?"

"ನನಗಲ್ಲೋ ಮೂಳಾ, ಮೊಮ್ಮಗಳ ಗಣಿತಕ್ಕ."

ಕಟ್ಟೆಗೆ ಕಟ್ಟೆಯೇ ನಕ್ಕಿತು. "ಇದನ್ನ ಆಡಿದ್ದಕ್ಕ ಮಾಸ್ತರ ನನ್ನ ಸಾಲಿ ಬಿಡಿಸಿದ್ರು. ಈಗ ಇದ ಪಾಠ ಆತಂತ ನೋಡ್ರಿಪಾ!" ಎಂದ ಒಬ್ಬ. ನಕ್ಕವನೇ ಎಣಿಸಿ, ಒಂದು ಕಟ್ಟು ನನ್ನ ಕೈಗಿಟ್ಟ. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುವಾಗ ತಮ್ಮನ ಮುಖ ಕಣ್ಣೆದುರು ಬಂತು.

ಒಲೆಯ ಮುಂದೆ ಎಲೆ ಹರವಿಕೊಂಡು ಕೂತೆವು. ಚೌಕಟ್, ಬದಾಮ್, ಇಸ್ಪೀಟ್, ಕಿಲಾವರ್ ಎಂದು ನಾಲ್ಕು ಜಾತಿಯ ಎಲೆಗಳನ್ನು ನಾಲ್ಕು ಸಾಲು ಮಾಡಿದಳು. ಸಾಲಿಗೆ ಹದಿಮೂರು. ಅವಳನ್ನು ಕಾಡುತ್ತಿದ್ದ ಲೆಕ್ಕ ಇದು: ಕಟ್ಟಿನಲ್ಲಿ ಒಂದು ಎಲೆ ಕಳೆದಿದೆ. ಉಳಿದವುಗಳಿಂದ ಎರಡು ತೆಗೆದರೆ ಎರಡೂ ಚೌಕಟ್. ಹಾಗಾದರೆ ಕಳೆದದ್ದೂ ಚೌಕಟ್ ಆಗಿರುವ ಸಂಭವ ಎಷ್ಟು?

ನಾನು ಒಂದು ಎಲೆಯನ್ನು ನೋಡದೆಯೇ ತೊಡೆಯ ಕೆಳಗೆ ಇಟ್ಟುಕೊಂಡೆ. ಅವಳು ಎರಡು ಚೌಕಟ್ ಬರುವ ತನಕ ಕಲಸಿ ಕಲಸಿ ತೆಗೆದಳು.

"ಎರಡೂ ಚೌಕಟ್ ಬಂದಾವಂದ್ರ ಇದೂ ಚೌಕಟ್ಟ ಇರಬೇಕು," ಎಂದೆ.

"ಇಲ್ಲ ಆಯಿ, ಉಲ್ಟಾ ಐತಿ..." ಎಂದಳು. ಮೇಲೆ ಬಿದ್ದ ಎರಡನ್ನು ಬದಿಗೆ ಸರಿಸಿದಳು. "ಕಾಣದ ಎಲಿ ಐವತ್ತು. ನೀ ಮುಚ್ಚಿಟ್ಟಿದ್ದೂ ಅದರಾಗ ಒಂದು. ಐವತ್ತರಾಗ ಚೌಕಟ್ ಉಳದಿದ್ದು ಹನ್ನೊಂದ. ಐವತ್ತರಾಗ ಹನ್ನೊಂದು, ಆಯಿ! ಉದ್ದ ಸೂತ್ರ ಹಾಕಿದ್ರೂ ಇದ ಬರಬೇಕು!"

ಸೂತ್ರ ಹಾಕಿದಳು. ಅದೇ ಬಂತು. ಅಷ್ಟರಲ್ಲಿ ಬಾಗಿಲಲ್ಲಿ ಮಗ ನಿಂತಿದ್ದ. ಕಟ್ಟೆಯ ಸುದ್ದಿ ನನಗಿಂತ ಬಿರುಸಾಗಿ ನಡೆದಿತ್ತು.

"ಅವ್ವಾ, ಮಾಮಾನ್ನ ಮರತಿಯೇನು?"

"ಮರತಿಲ್ಲಪಾ. ದಿನಾ ನೆನಸ್ತೇನಿ."

ಹುಡುಗಿ ಲೆಕ್ಕದ ಹಾಳೆ ಎತ್ತಿ ತೋರಿಸಿದಳು. ಅವನಿಗೆ ಏನೂ ತಿಳಿಯಲಿಲ್ಲ, ಆದರೂ ಬಹಳ ಹೊತ್ತು ನೋಡಿದ. "ಪರೀಕ್ಷಾ ಮುಗಿಯೂ ತನಕ ಅಷ್ಟ," ಎಂದು ಹೊರಗೆ ಹೋದ. ಅವತ್ತು ಉಣ್ಣಲಿಲ್ಲ.

ಚಿಕ್ಕೋಡಿಯಲ್ಲಿ ಪರೀಕ್ಷೆ ಬರೆದು ಬಂದ ದಿನ ಎಲೆಯ ಲೆಕ್ಕ ಬಂದಿರಲೇ ಇಲ್ಲ ಎಂದಳು. ಯಂತ್ರ ಮಾಡಿದ ಬೋಲ್ಟುಗಳದು ಬಂದಿತ್ತಂತೆ.

"ಆ ಯಂತ್ರ ನೀ ನೋಡೇ ಇಲ್ಲಲ್ಲ ಮಗಾ?"

"ನೋಡೂದ ಬ್ಯಾಡ ಆಯಿ. ಎಲಿ ಬದ್ಲಿ ಬೋಲ್ಟು ಅಂದ್ಕೊಂಡ್ನಿ. ದಾರಿ ಎರಡಕ್ಕೂ ಒಂದ."

ಆದರೂ ಇವತ್ತಿನ ತನಕ ನನಗೆ ನಂಬಿಕೆ ಇರಲಿಲ್ಲ. ಮೊಬೈಲ್ ರಿಂಗಾದಾಗಲೆಲ್ಲ ಕೊಗನೊಳ್ಳಿಯವರದೇ ಎಂದು ಹೆದರುತ್ತಿದ್ದೆ.

ಸಂಜೆ ನಾನೂ ಸೊಸೆಯೂ ಶೇಂಗಾ ಹೋಳಿಗೆ ಮಾಡಿದೆವು. ಮಗ ಬೇಗ ಬಂದು, ಕೈಕಾಲು ತೊಳೆದು, ಮಗಳ ಪಕ್ಕದಲ್ಲೇ ಕೂತ. ಹೋಳಿಗೆ ಮುರಿದವನು ಬಾಯಿಗಿಡಲಿಲ್ಲ.

"ಕೊಗನೊಳ್ಳಿಯವರಿಗೆ ಫೋನ್ ಹಚ್ಚಿದ್ನಿ," ಎಂದ.

ಹುಡುಗಿಯ ಕೈ ತಾಟಿನಲ್ಲೇ ನಿಂತಿತು. "ಏನಂತ, ಅಪ್ಪಾ?"

"ಹುಡುಗಿ ಇನ್ನೂ ಕಲೀತಾಳ, ಹಾದಿ ಕಾಯಬ್ಯಾಡ್ರಿ ಅಂತ."

ತುಪ್ಪ ಬಡಿಸಲು ಬಂದ ಸೊಸೆ ಮಿಳ್ಳೆ ಹಿಡಿದು ಹಾಗೇ ನಿಂತುಬಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಂತಿ ಯಾಕ? ಹಾಕಿ ನೀನೂ ಕುಂದರು," ಎಂದ ಮಗ. "ಹೋಳಿಗಿ ಆರಾಕತ್ತಾವ."

ನಾಲ್ವರೂ ಕೂಡಿ ಉಂಡೆವು.