ಬೆಂಕಿ ಕಾಣದ ಅಗ್ಗಿಷ್ಟಿಕೆ

ಆ ಮನೆಯ ಯಜಮಾನರಿಗೆ ಪಡಸಾಲೆಯ ಅಗ್ಗಿಷ್ಟಿಕೆಯೇ ಹಿರಿಯ ಮಗ. ಅದರ ಬಿಳಿ ಕಲ್ಲನ್ನು ದಿನವೂ ಹೆಗಲ ಟವೆಲಿನಿಂದಲೇ ಒರೆಸುವರು. ಮಸಿ ಹಿಡಿದೀತೆಂದು ಎಂಥ ಚಳಿಯಲ್ಲೂ ಕಡ್ಡಿ ಗೀರರು. ಮನೆಗೆ ಬಂದವರ ಅಂಗೈಯನ್ನು ಅದರ ಗೋಡೆಗೆ ಒತ್ತಿಸಿ, "ಬೆಂಕಿ ಹಾಕದೇನೇ ಎಷ್ಟು ಬೆಚ್ಚಗಿದೆ ನೋಡಿ! ಕಟ್ಟಿಸಿದ್ರೆ ಹೀಗೆ ಕಟ್ಟಿಸ್ಬೇಕು" ಎನ್ನುವರು. ಅಡುಗೆಮನೆಗೂ ಒಂದು ಚಿಮಣಿ ಬೇಕೆಂದು ಹೆಂಡತಿ ಕೆಮ್ಮುತ್ತ ಕೇಳಿದಾಗೆಲ್ಲ, "ಒಂದು ಮನೆಗೆ ಒಂದು ಸಾಲದೇನೇ?" ಎಂದು ಬಾಯಿ ಮುಚ್ಚಿಸಿದವರು. ಈ ಚಳಿಗಾಲ ಆಕೆ ತೀರಿಕೊಂಡಳು, ಊಟ ಹೋಟೆಲಿನಿಂದ ಬರತೊಡಗಿತು, ಗೋಡೆ ಹೆಣದಂತೆ ತಣ್ಣಗಾಯಿತು. ಯಜಮಾನರು ಅದನ್ನು ಕಟ್ಟಿದ ಗಾರೆಯವನ ವಂಶವನ್ನೆಲ್ಲ ಜಾಲಾಡಿದರು. ಕೇಳಲಾರದೆ ಮಗಳು, "ಈ ಗೋಡೆ ಹಿಂದೇನೇ ಅಮ್ಮನ ಒಲೆ ಉರೀತಿತ್ತಲ್ಲಪ್ಪಾ" ಎಂದಳು. ಅವರು ಗೋಡೆಯನ್ನೊಮ್ಮೆ ಸವರಿದರು. ಆಮೇಲೆ, "ಮತ್ತೆ ನಿಂತೇ ಇದೀಯಲ್ಲೇ! ಹೋಗಿ ಒಲೆ ಹಚ್ಚು" ಎಂದರು.