ರೂಮು ಸಿಗದ ಊರಿನಲ್ಲಿ ಅತ್ತೆಯವರ ಲಿಂಗಪೂಜೆ

ವೀರಭದ್ರಸ್ವಾಮಿಯ ಒಕ್ಕಲಾದ ಎಲ್ಲ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಸಂತೇಬೆನ್ನೂರಿನ ಪಾತ್ರೆ ಅಂಗಡಿ ಶೈಲಜಳ ಶರಣಾರ್ಥಿ. ಹೋದ ಬೇಸಿಗೆಯಲ್ಲಿ ಮುಂಬಯಿಯ ಒಂದು ಬೀದಿಯಲ್ಲಿ ನಾನು ನನ್ನ ಅತ್ತೆಯವರನ್ನು ಇನ್ನೇನು ಕಳೆದುಕೊಂಡೇ ಬಿಟ್ಟಿದ್ದೆ. ಸ್ನಾನ ಮಾಡಿ ಲಿಂಗಪೂಜೆಗೆ ಕೂರಲು ಅವರಿಗೊಂದು ರೂಮು ಸಿಗಲಿಲ್ಲ, ಅಷ್ಟೇ ಕಾರಣ. ಹೇಳಿದರೆ ಕೆಲವರು ನಗುತ್ತಾರೆ. ಆವತ್ತು ನನ್ನ ಜಾಗದಲ್ಲಿ ನಿಂತಿದ್ದರೆ ಅವರಿಗೂ ನಗು ಬರುತ್ತಿರಲಿಲ್ಲ.

ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದೆ. ಲಿಂಗದೀಕ್ಷೆ ಆದಂದಿನಿಂದ ಪೂಜೆ ಮಾಡದೆ ಒಂದು ಅಗುಳು ಬಾಯಿಗೆ ಹಾಕಿದವರಲ್ಲ. ಆದರೆ ಮಾತ್ರೆಗೆ ಮಾತ್ರ ಅವರೇ ಒಂದು ರಿಯಾಯಿತಿ ಕೊಟ್ಟುಕೊಂಡಿದ್ದಾರೆ. "ಔಷಧಿ ಊಟ ಅಲ್ಲ ಕಣವ್ವ, ಅದು ನಡೀತೈತೆ" ಎನ್ನುತ್ತಾರೆ. ಮನೆಯಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಎದ್ದ ಕೂಡಲೇ ಮಾತ್ರೆ, ಆಮೇಲೆ ಸ್ನಾನ, ಪೂಜೆ, ಅಷ್ಟರಲ್ಲಿ ನಾನು ರೊಟ್ಟಿ ತಟ್ಟಿ ಮುಗಿಸಿರುತ್ತೇನೆ.

ಸಾಯುವ ಮುಂಚೆ ಸಮುದ್ರ ನೋಡಬೇಕು ಎಂದು ಅವರು ಹಟ ಹಿಡಿದಿದ್ದರು. ಸಂತೆಯ ದಿನ ಅಂಗಡಿ ಮುಚ್ಚಿದರೆ ಜೀವ ಹೋದಂತೆ ಆಡುವ ನಮ್ಮ ಯಜಮಾನರೇ ಒಪ್ಪಿಕೊಂಡ ಮೇಲೆ ನನ್ನದೇನು? ಮಗಳು ಸಿಂಚನ ಮೊಬೈಲಿನಲ್ಲಿ ನೋಡಿ, ನಮ್ಮ ಕೈಗೆಟಕುವ ಒಂದು ಲಾಡ್ಜನ್ನು ಹುಡುಕಿದಳು. ಫೋಟೋದಲ್ಲಿ ಬಾತ್‌ರೂಮು ಥಳಥಳ ಹೊಳೆಯುತ್ತಿತ್ತು. ದಾವಣಗೆರೆಯಲ್ಲಿ ಸಂಜೆ ಬಸ್ಸು ಹತ್ತಿದೆವು.

ಬೆಳಗ್ಗೆ ಬಸ್ಸಿನವನು "ಇನ್ನು ಅರ್ಧ ಗಂಟೆ, ಬಂದೇ ಬಿಡ್ತು" ಎಂದ. ಆ ಮಾತು ನಂಬಿ ಅತ್ತೆಯವರು ಮಾತ್ರೆ ನುಂಗಿದರು. ಅದಾದ ಮೇಲೆ ಬಸ್ಸು ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು ಆಮೆಯಂತೆ ತೆವಳಿತು. ನಾವು ಇಳಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು.

ಲಾಡ್ಜಿನವನು ಮೊಬೈಲು ನೋಡಿ, ನಮ್ಮ ಮುಖ ನೋಡಿ, ಬುಕಿಂಗ್ ಬಂದೇ ಇಲ್ಲ, ರೂಮು ಫುಲ್ ಎಂದ. ಯಜಮಾನರು ತಮ್ಮ ಅರ್ಧಂಬರ್ಧ ಹಿಂದಿಯಲ್ಲಿ ಕೂಗಾಡಿದರು. ನಾನು ಅಚ್ಚ ಕನ್ನಡದಲ್ಲಿ ಬೈದೆ. ಆತ ಫ್ಯಾನು ಇನ್ನೊಂದಿಷ್ಟು ಜೋರು ಮಾಡಿಕೊಂಡು ಕುಳಿತ. ಪಕ್ಕದ ಲಾಡ್ಜಿನಲ್ಲಿ ಫ್ಯಾಮಿಲಿಗೆ ಕೊಡುವುದಿಲ್ಲ ಎಂದರು. ಅದರಾಚೆಯದಕ್ಕೆ ಲಿಫ್ಟಿಲ್ಲ, ರೂಮು ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ. ಮತ್ತೊಂದರ ಬಾಡಿಗೆ ಕೇಳಿ ಯಜಮಾನರು ಬಾಗಿಲಿನಿಂದಲೇ ತಿರುಗಿದರು.

ಅತ್ತೆಯವರ ನಡಿಗೆ ನಿಧಾನವಾಯಿತು. ನೋಡಿದರೆ ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿದಿತ್ತು.

"ಸೆಕೆ ಕಣೇ, ಈ ಊರ ಸೆಕೆನೇ ಹಿಂಗೆ" ಎಂದರು ಯಜಮಾನರು.

ಕೈ ಹಿಡಿದೆ. ಬೆವರಿದ ಕೈ ತಣ್ಣಗಿತ್ತು, ನಡುಗುತ್ತಿತ್ತು. ಚನ್ನಗಿರಿಯ ಡಾಕ್ಟರು ಹಿಂದೊಮ್ಮೆ ಹೇಳಿದ್ದು ನೆನಪಾಯಿತು: ಮಾತ್ರೆ ನುಂಗಿ ಊಟ ತಡವಾಗಿ ಬೆವರು, ನಡುಕ ಬಂದರೆ ರಕ್ತದ ಸಕ್ಕರೆ ಇಳಿದಿದೆ ಎಂದು ತಿಳಿಯಿರಿ, ತಕ್ಷಣ ಸಿಹಿ ಕೊಡಿ, ತಡ ಮಾಡಿದರೆ ಪ್ರಾಣಕ್ಕೇ ಅಪಾಯ.

"ಅತ್ತೆ, ಒಂದು ಗುಟುಕು ಜ್ಯೂಸ್ ಕುಡೀರಿ."

"ಪೂಜೆ ಆಗಿಲ್ಲ."

"ಜೀವ ಇದ್ರಲ್ವೇನ್ರೀ ಪೂಜೆ?"

"ಲಿಂಗ ಬಿಟ್ಟು ಜೀವ ಇಟ್ಕಂಡು ಏನ್ ಮಾಡಾಕೆ?"

ಎಲ್ಲಾದರೂ ಕೂರಿಸೋಣವೆಂದರೆ ಬೀದಿಯ ಹೋಟೆಲುಗಳಲ್ಲೆಲ್ಲ ಮೀನು, ಮಾಂಸದ ವಾಸನೆ. ಅತ್ತೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದೆ ಮುಂದೆ ಹೋಗುತ್ತಿದ್ದರು. ಸಿಂಚನ ಒಂದು ಓಣಿಯ ಬಾಯಲ್ಲಿ ನಿಂತು, "ಅಮ್ಮ, ಇಲ್ಲಿ ಪ್ಯೂರ್ ವೆಜ್ ಅಂತ ಐತೆ, ಫ್ಯಾಮಿಲಿ ಕೂರಾಕೆ ಬೇರೆ ಜಾಗನೂ ಐತಂತೆ" ಎಂದು ಕೂಗಿದಳು. ಸಣ್ಣ ಖಾನಾವಳಿ. ಒಳಗಿನಿಂದ ಪಟಪಟ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು. ಕುರ್ಚಿಯಲ್ಲಿ ಕೂರಿಸಿದ ಕೂಡಲೇ ಅತ್ತೆಯವರ ತಲೆ ಗೋಡೆಗೆ ಒರಗಿತು. ಯಜಮಾನರು ಆಸ್ಪತ್ರೆಗೆ ಹೋಗಲು ಆಟೋ ತರುತ್ತೇನೆಂದು ಓಡಿದರು.

ಟೇಬಲ್ ಮೇಲೆ ಸಕ್ಕರೆ ಡಬ್ಬಿ ಇತ್ತು. ಒಂದು ಚಮಚ ತೆಗೆದು ತುಟಿಗೆ ಹಿಡಿದೆ. ಹಲ್ಲು ಕಚ್ಚಿಕೊಂಡರು. ಗದ್ದ ಹಿಡಿದು ಒತ್ತಿದೆ. ಮುಖ ತಿರುಗಿಸಿ ನನ್ನ ಕೈಯನ್ನು ತಳ್ಳಿದರು. ಸಕ್ಕರೆ ನೆಲಕ್ಕೆ ಚೆಲ್ಲಿತು. ಒಂದು ಕೈಯಲ್ಲಿ ಕೊರಳಿನಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಬಿಗಿಯಾಗಿ ಹಿಡಿದಿದ್ದರು.

"ಸಕ್ಕರೆ ಕಣ್ರೀ ಅತ್ತೆ, ಬರೀ ಸಕ್ಕರೆ! ನಿಮ್ಮ ಕಾಲಿಗೆ ಬೀಳ್ತೀನಿ!"

ನನ್ನನ್ನೇ ದಿಟ್ಟಿಸಿ ನೋಡಿ, "ಗೌರಕ್ಕ, ಯಾವಾಗ ಬಂದೆ?" ಎಂದರು.

ಗೌರಕ್ಕ ಅವರ ಅಕ್ಕ. ತೀರಿಕೊಂಡು ಎಷ್ಟೋ ವರ್ಷವಾಗಿದೆ. ಸಿಂಚನ ಜೋರಾಗಿ ಅಳತೊಡಗಿದಳು.

ಬಂಧುಗಳೇ, ನಾನು ಮೆತ್ತಗೆ ಬೇಡುವವಳಲ್ಲ. ಅಂಗಡಿಯಲ್ಲಿ ಗಿರಾಕಿಯ ಹತ್ತಿರ ಹೇಗೋ, ದೇವರ ಹತ್ತಿರವೂ ಹಾಗೆ. ಕಣ್ಣು ಮುಚ್ಚಿ, "ವೀರಭದ್ರಾ, ಈ ಮುದುಕಿಯ ಹಟ ಬಿಡಿಸು, ಇಲ್ಲಾ ನಿನ್ನ ನೇಮ ಸಡಿಲ ಮಾಡು. ಎರಡರಲ್ಲಿ ಒಂದು ಮಾಡು. ಈಗಲೇ ಮಾಡು" ಎಂದೆ. ಎಂದಷ್ಟೂ ಸಿಟ್ಟು ಬಂತು, ಸಿಟ್ಟಿನ ಜೊತೆಗೇ ಅಳು ಬಂತು.

ಕಣ್ಣು ತೆರೆದಾಗ ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿ ತಟ್ಟುತ್ತಿದ್ದ ಹೆಂಗಸು ನಿಂತಿದ್ದಳು. ಕೈತುಂಬ ಹಿಟ್ಟು. ಮರಾಠಿಯಲ್ಲಿ ಏನೋ ಕೇಳಿದಳು, ನನಗೆ ತಿಳಿಯಲಿಲ್ಲ. ಸಕ್ಕರೆ ತೋರಿಸಿದೆ, ಅತ್ತೆಯವರ ಬಾಯಿ ತೋರಿಸಿದೆ, ಅವರ ಮುಷ್ಟಿಯಲ್ಲಿದ್ದ ಕರಡಿಗೆ ತೋರಿಸಿ ತಲೆ ಅಲ್ಲಾಡಿಸಿದೆ. ಅವಳು ಕರಡಿಗೆಯನ್ನೇ ನೋಡಿದಳು. ತಟ್ಟನೆ ಒಳಗೆ ಹೋದಳು. ನಲ್ಲಿಯ ನೀರು ಬಿದ್ದ ಸದ್ದು ಕೇಳಿಸಿತು.

ಬಂದಾಗ ಕೈ ತೊಳೆದಿದ್ದಳು, ಹಣೆಗೆ ವಿಭೂತಿ ಹಚ್ಚಿದ್ದಳು. ಕುಪ್ಪಸದೊಳಗಿಂದ ತನ್ನದೇ ಕರಡಿಗೆ ತೆಗೆದಳು! ಅತ್ತೆಯವರ ಎದುರು ನೆಲದ ಮೇಲೆ ಕುಳಿತು, ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು, "ಓಂ ನಮಃ ಶಿವಾಯ" ಎಂದು ಗಟ್ಟಿಯಾಗಿ ಹೇಳತೊಡಗಿದಳು. ಆ ದನಿಗೆ ಅತ್ತೆಯವರ ಕಣ್ಣು ಮೆಲ್ಲಗೆ ಇತ್ತ ತಿರುಗಿತು. ಅವಳು ಒಂದು ಬಟ್ಟಲು ಸಕ್ಕರೆಯನ್ನು ಲಿಂಗಕ್ಕೆ ತೋರಿಸಿದಳು, ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಒಂದು ಚಿಟಿಕೆ ಎತ್ತಿ ಅತ್ತೆಯವರ ತುಟಿಯ ಹತ್ತಿರ ಹಿಡಿದಳು.

"ಪ್ರಸಾದ ಆಹೆ, ಆಯೀ. ಘ್ಯಾ."

ಪ್ರಸಾದ ಎಂಬ ಒಂದು ಮಾತು ಇಬ್ಬರಿಗೂ ಸೇರಿದ್ದು. ನಮ್ಮಲ್ಲಿ ಪ್ರಸಾದ ಬೇಡ ಎನ್ನುವಂತಿಲ್ಲ. ಅತ್ತೆಯವರು ನಡುಗುವ ಬಲಗೈಯನ್ನು ಹಣೆಗೆ ಮುಟ್ಟಿಸಿಕೊಂಡು ಬಾಯಿ ತೆರೆದರು.

ಅವಳು ಮತ್ತೊಂದು ಚಿಟಿಕೆ, ಮಗದೊಂದು ಚಿಟಿಕೆ ಕೊಡುತ್ತ ಹೋದಳು. ಆಮೇಲೆ ನೀರಿನಲ್ಲಿ ಕದಡಿ ಕುಡಿಸಿದಳು. ಯಜಮಾನರು ಆಟೋ ತರುವ ಹೊತ್ತಿಗೆ ಅತ್ತೆಯವರ ಬೆವರು ಆರಿತ್ತು. ನನ್ನನ್ನು ನೋಡಿ, "ಶೈಲಾ, ಯಾಕವ್ವ ಅಳ್ತೀಯ?" ಎಂದರು. ನನ್ನ ಹೆಸರು ಅಷ್ಟು ಇಂಪಾಗಿ ನಾನೆಂದೂ ಕೇಳಿರಲಿಲ್ಲ. ಅದೇ ಆಟೋದಲ್ಲಿ ಹತ್ತಿರದ ಆಸ್ಪತ್ರೆಗೆ ಹೋದೆವು. ರಕ್ತ ಪರೀಕ್ಷೆ ಮಾಡಿದ ಡಾಕ್ಟರು, ಈಗ ಗಾಬರಿಯಿಲ್ಲ, ಬೇಗ ಊಟ ಮಾಡಿಸಿ ಎಂದರು.

ಮಂಗಲಾತಾಯಿ ಎಂದು ಆ ಪುಣ್ಯಾತ್ಗಿತ್ತಿಯ ಹೆಸರು. ಲಾತೂರಿನ ಕಡೆಯವಳು, ನಮ್ಮಂತೆಯೇ ಲಿಂಗವಂತಳು. ನಾವು ಹಿಂತಿರುಗಿದಾಗ ಅಡುಗೆಮನೆಯ ಹಿಂದಿನ ತನ್ನ ಬಚ್ಚಲಲ್ಲಿ ನೀರು ತೋಡಿಟ್ಟಿದ್ದಳು. ಅತ್ತೆಯವರು ಸ್ನಾನ ಮಾಡಿ, ಪೂಜೆ ಮುಗಿಸಿ, ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡರು. "ರೊಟ್ಟಿ ನಿನಗಿಂತ ತೆಳ್ಳಗೆ ತಟ್ಟವಳೆ" ಎಂದು ನನಗೊಂದು ಚುಚ್ಚಿದರು. ಆಗ ನನಗೆ ಪೂರ್ತಿ ಧೈರ್ಯ ಬಂತು. ಮಂಗಲಾತಾಯಿಯ ಗಂಡ ಪಕ್ಕದ ಓಣಿಯ ಛತ್ರಕ್ಕೆ ಫೋನು ಮಾಡಿ, ನಮ್ಮ ಕೈಗೆಟಕುವ ಬಾಡಿಗೆಗೆ ನೆಲಮಹಡಿಯಲ್ಲೇ ರೂಮು ಕೊಡಿಸಿದ.

ಮಾರನೆಯ ದಿನ ಸಮುದ್ರಕ್ಕೆ ಹೋದೆವು. ಅತ್ತೆಯವರು ಅಲೆ ಪಾದಕ್ಕೆ ತಾಗುವಷ್ಟು ಹತ್ತಿರ ಹೋಗಿ ನಿಂತರು. ಆಮೇಲೆ ಕರಡಿಗೆ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಅಲೆಗಳತ್ತ ಹಿಡಿದು, "ನೋಡಪ್ಪ, ನೀನೂ ನೋಡು" ಎಂದರು.

ನಾನು ಆಗ ಕೇಳಿಯೇ ಬಿಟ್ಟೆ: "ಅತ್ತೆ, ನಾನು ಅಷ್ಟು ಬೇಡ್ಕಂಡ್ರೂ ಬಾಯಿ ಬಿಡಲಿಲ್ಲ. ಅವಳು ಕೊಟ್ರೆ ತಗಂಡ್ರಿ. ನಾನೇನು ಹೊರಗಿನೋಳಾ?"

"ನೀನು ಸಕ್ಕರೆ ಸಕ್ಕರೆ ಅಂತ ಒದರ್ತಿದ್ದೆ" ಎಂದರು. "ನಿನ್ನ ಕೊಳ್ಳಾಗೂ ಲಿಂಗ ಐತಲ್ಲ, ಅದಕ್ಕೊಂದು ಸಲ ತೋರ್ಸಿ ಕೊಟ್ಟಿದ್ರೆ ನಾನು ಬ್ಯಾಡ ಅಂತಿದ್ನೇನವ್ವ?"

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುತ್ತಾರಲ್ಲ, ಹಾಗಾಯಿತು ನನ್ನ ಬಾಳು. ಎದೆಯ ಮೇಲೆ ದೇವರನ್ನು ಕಟ್ಟಿಕೊಂಡೇ ದೇವರನ್ನು ಕೂಗಿದ್ದೆ. ಹಟ ಬಿಡಿಸು, ಇಲ್ಲಾ ನೇಮ ಸಡಿಲ ಮಾಡು ಎಂದು ವೀರಭದ್ರನಿಗೇ ಹುಕುಂ ಮಾಡಿದ್ದೆ. ಅವನು ಹಟವನ್ನೂ ಬಿಡಿಸಲಿಲ್ಲ, ನೇಮವನ್ನೂ ಸಡಿಲಿಸಲಿಲ್ಲ. ಎರಡನ್ನೂ ಉಳಿಸಿ, ಅತ್ತೆಯವರನ್ನೂ ಉಳಿಸಿಕೊಟ್ಟ. ಊರಿಗೆ ಬಂದ ದಿನವೇ ಗುಡಿಗೆ ಹೋಗಿ, ನಿನ್ನ ವ್ಯಾಪಾರ ನನಗಿಂತ ಚೆನ್ನಾಗಿದೆ ಸ್ವಾಮಿ ಎಂದು ಅಡ್ಡಬಿದ್ದು ಬಂದೆ.

ಈಗ ಮನೆಯಲ್ಲಿ ಒಂದು ಪುಟ್ಟ ಸ್ಟೀಲ್ ಡಬ್ಬಿ ಇದೆ. ನಮ್ಮ ಅಂಗಡಿಯದೇ. ದಿನಾ ಬೆಳಗ್ಗೆ ನನ್ನ ಪೂಜೆಯಲ್ಲಿ ಅದರ ಸಕ್ಕರೆಯನ್ನು ಲಿಂಗಕ್ಕೆ ತೋರಿಸಿ ಮುಚ್ಚಳ ಹಾಕುತ್ತೇನೆ. ಹೊನ್ನಾಳಿಗೆ ಮದುವೆಗೆ ಹೋಗಲಿ, ಚನ್ನಗಿರಿಗೆ ಡಾಕ್ಟರ ಹತ್ತಿರ ಹೋಗಲಿ, ಬಸ್ಸು ಹತ್ತುವ ಮುಂಚೆ ಅತ್ತೆಯವರು ತಪ್ಪದೆ ಕೇಳುತ್ತಾರೆ: "ಪ್ರಸಾದ ಇಟ್ಕಂಡಿದೀಯೇನವ್ವ?"

ನಾನು ಮೊದಲು ಕೊರಳು ಮುಟ್ಟಿ ನೋಡಿಕೊಳ್ಳುತ್ತೇನೆ. ಆಮೇಲೆ ಡಬ್ಬಿ ತೋರಿಸುತ್ತೇನೆ.