ಕಿಟಕಿಯ ಆಚೆ ನಿಂತು ನೋಡಿದ ಮೊದಲ ಕಂತು

ಕೆಂಪು ಫೈಲು ಕದ್ದವರು ಯಾರು?

ಈ ಪ್ರಶ್ನೆಗೆ ನಾನು ಹತ್ತನೆಯ ವಯಸ್ಸಿನಲ್ಲೇ ಸರಿಯಾದ ಉತ್ತರ ಹೇಳಿದ್ದೆ. ಆ ಹೆಮ್ಮೆ ಹದಿಮೂರು ವರ್ಷ ನನ್ನ ಜೊತೆಗಿತ್ತು. ಕಳೆದ ಗುರುವಾರ ಮಧ್ಯಾಹ್ನ, ಕಿರವತ್ತಿಯ ಒಂದು ಡಾಬಾದಲ್ಲಿ, ಅದು ಹೋಯಿತು.

ಕೆಲಸದ ಮೇಲೆ ಹುಬ್ಬಳ್ಳಿಗೆ ಹೋದವಳು ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಹಳೆಯ ಟಿವಿ ಧಾರಾವಾಹಿಯೊಂದರ ವಿಸಿಡಿ ಕಂಡೆ. ನಾನು ಚಿಕ್ಕವಳಿದ್ದಾಗ ಭಾನುವಾರ ಸಂಜೆ ಬರುತ್ತಿದ್ದ ಗೂಢಚಾರರ ಕಥೆ. ಹಿಂದೆಮುಂದೆ ನೋಡದೆ ಕೊಂಡೆ. ಆದರೆ ಶಿರಸಿಯ ನನ್ನ ಬಾಡಿಗೆ ರೂಮಿನಲ್ಲಿ ಪ್ಲೇಯರ್ ಎಲ್ಲಿದೆ? ದಾರಿಯಲ್ಲೇ ಇದ್ದಾಳಲ್ಲ ನಾಗವೇಣಿ! ಪ್ರೈಮರಿ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಮದುವೆಯಾಗಿ ಕಿರವತ್ತಿಗೆ ಬಂದು ಐದು ವರ್ಷ. ಗಂಡ ಬಸವರಾಜ ಹೆದ್ದಾರಿ ಬದಿಯಲ್ಲಿ ಡಾಬಾ ಇಟ್ಟಿದ್ದಾನೆ. ಲಾರಿ ಡ್ರೈವರುಗಳಿಗೆಂದು ಅಲ್ಲಿ ಟಿವಿ, ವಿಸಿಡಿ ಪ್ಲೇಯರ್ ಎರಡೂ ಇವೆ.

ಕಿರವತ್ತಿಯಲ್ಲಿ ಇಳಿದೆ.

"ಬರ್ರಿ ಅಕ್ಕಾರ, ಕುಂದರ್ರಿ. ಊಟ ಮಾಡೇ ಹೋಗಬೇಕ ಮತ್ತ," ಎಂದು ಬಸವರಾಜ ಕುರ್ಚಿ ಒರೆಸಿದ.

ನಾನು ನಾಗವೇಣಿಗೆ ವಿಸಿಡಿ ತೋರಿಸಿದೆ. ಕವರಿನ ಮೇಲಿನ ಚಿತ್ರ ನೋಡಿ ಅವಳು ನಕ್ಕಳು. "ಅಯ್ಯ ಮಾರಾಯ್ತಿ, ಇನ್ನೂ ಆ ಕಳ್ಳನ್ನೇ ಹುಡುಕ್ತಾ ಇದ್ಯಾ ನೀನು?"

ನನ್ನ ಕುರ್ಚಿಯನ್ನು ಎತ್ತಿ ಟಿವಿಯ ಎದುರಿಗೆ, ಸರಿಯಾಗಿ ನಡುವೆ ಇಟ್ಟಳು. "ಇಲ್ಲಿ ಕೂತ್ಕೋ. ಇಲ್ಲಿಗೆ ಫ್ಯಾನಿನ ಗಾಳಿನೂ ಬರ್ತದೆ."

ಆ ಕಳ್ಳನ ಕಥೆಯನ್ನು ನಿಮಗೂ ಹೇಳಬೇಕು.

ಸಿದ್ದಾಪುರ ತಾಲೂಕಿನ ಮನ್ಮನೆಯಲ್ಲಿ ಆಗ ನಮ್ಮ ಕೇರಿಗೆಲ್ಲ ಇದ್ದದ್ದು ಒಂದೇ ಟಿವಿ. ಅದು ನಮ್ಮ ಮನೆಯಲ್ಲಿತ್ತು. ಭಾನುವಾರ ಸಂಜೆ ಮನೆಯವರು, ನೆಂಟರು ಒಳಗೆ ಚಾಪೆಯ ಮೇಲೆ. ಗದ್ದೆ ಕೆಲಸಕ್ಕೆ ಬರುವವರು, ಅವರ ಮಕ್ಕಳು ಹೊರಗೆ ಜಗುಲಿಯಲ್ಲಿ, ಕಿಟಕಿಯ ಸರಳು ಹಿಡಿದು ನಿಂತು. ಒಳಗೆ ಬರಬೇಡಿ ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. (ಹೇಳಬೇಕಾಗಿಯೇ ಇರಲಿಲ್ಲ.) ಶಾಲೆಯಲ್ಲಿ ಒಂದೇ ನೆಲ್ಲಿಕಾಯಿಯನ್ನು ಕಚ್ಚಿ ಹಂಚಿಕೊಳ್ಳುತ್ತಿದ್ದ ನಾಗವೇಣಿ ಮತ್ತು ನಾನು, ಭಾನುವಾರ ಮಾತ್ರ ಸರಳಿನ ಆಚೆ ಈಚೆ. ಅದು ನನಗೆ ವಿಚಿತ್ರ ಅನ್ನಿಸಿತ್ತೇ? ಇಲ್ಲ. ಸುಳ್ಳು ಏಕೆ ಹೇಳಲಿ?

ಧಾರಾವಾಹಿ ಹಿಂದಿಯದು. ನಮ್ಮಲ್ಲಿ ಹಿಂದಿ ಬರುತ್ತಿದ್ದವರು ದೊಡ್ಡಪ್ಪ ಒಬ್ಬರೇ. ಅವರೂ ಅರ್ಧ ಊಹಿಸಿ ಹೇಳುವವರು. ಹೀಗಾಗಿ ಕಥೆ ತಿಳಿಯಬೇಕಾದರೆ ನೋಡಬೇಕು. ಕಣ್ಣು ತಪ್ಪಿದರೆ ಕಥೆಯೂ ತಪ್ಪಿತು.

ಮೊದಲ ಕಂತಿನ ಕೊನೆ ಹೀಗಿದೆ. ದೊಡ್ಡ ಅಧಿಕಾರಿಯ ಕೋಣೆ. ಬಲಗಡೆ ಮೇಜಿನ ಹಿಂದೆ ಬೋಳುತಲೆಯ ಕರ್ನಲ್, ಗಡಿಬಿಡಿಯಲ್ಲಿ ಡ್ರಾಯರ್ ಮುಚ್ಚುತ್ತಾನೆ. ಅದೇ ಹೊತ್ತಿಗೆ ಎಡಗಡೆ, ಕಪಾಟಿನ ಹತ್ತಿರ, ಟೈಪಿಸ್ಟ್ ಹುಡುಗಿ ಕೆಂಪು ಫೈಲನ್ನು ತನ್ನ ಟಿಫಿನ್ ಚೀಲಕ್ಕೆ ಸೇರಿಸುತ್ತಾಳೆ. ಎರಡೇ ಸೆಕೆಂಡು. ಕಂತು ಮುಗಿಯಿತು.

ಸೋಮವಾರ ಶಾಲೆಯಲ್ಲಿ ಅದೇ ಮಾತು.

"ಕರ್ನಲ್ಲೇ ಕದ್ದಿದ್ದು. ಡ್ರಾಯರಿಗೆ ಹಾಕಿದ್ದು ನಾ ಕಂಡೆ," ಅಂದಳು ನಾಗವೇಣಿ.

"ಆ ಹುಡುಗಿ ಚೀಲಕ್ಕೆ ಹಾಕಿದ್ದು ಕಂಡಿದ್ದಿಲ್ಯಾ ನೀನು?" ಅಂದೆ ನಾನು.

"ಯಾವ ಹುಡುಗಿ?"

ಇಡೀ ತರಗತಿ ನಕ್ಕಿತು. ನನಗೆ ಅಷ್ಟು ಸಾಲಲಿಲ್ಲ. "ಕುರುಡು ಸಿಐಡಿ!" ಎಂದು ಕೂಗಿದೆ.

ಹೆಸರು ಅಂಟಿಕೊಂಡಿತು. ಒಂದೆರಡು ದಿನವಲ್ಲ, ಏಳನೆಯ ತರಗತಿ ಮುಗಿಯುವವರೆಗೂ. ಅವಳು ಬೋರ್ಡಿನ ಮೇಲಿನ ಲೆಕ್ಕ ತಪ್ಪು ಓದಿದಾಗ ಮಾಸ್ತರರೂ ಒಮ್ಮೆ ಹಾಗೆಯೇ ಕರೆದರು. ಮುಂದಿನ ಭಾನುವಾರ ನಾಗವೇಣಿ ಕಿಟಕಿಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಯಾಕೆಂದು ಕೇಳಿದ್ದಕ್ಕೆ, "ನಂಗೆ ತಿಳಿಯೂದಿಲ್ಲ ಬಿಡು ಅದೆಲ್ಲ," ಅಂದಳು. ತಿಳಿಯುವುದಿಲ್ಲ ಎಂದೇ ನಾನೂ ನಂಬಿದೆ. ಎಷ್ಟು ಸುಲಭ ಅಲ್ಲವೇ, ನಂಬುವುದು?

ಈಗ ಡಾಬಾಕ್ಕೆ ಬನ್ನಿ.

ಊಟದ ಗದ್ದಲ ಮುಗಿದಿತ್ತು. ನನ್ನ ಮುಂದೆ ರೊಟ್ಟಿಯ ತಟ್ಟೆ, ಎಡಗೈಯಲ್ಲಿ ರಿಮೋಟು. ನಾಗವೇಣಿ ರಾತ್ರಿಯ ಅಡುಗೆಗೆ ಈರುಳ್ಳಿ ಹೆಚ್ಚುತ್ತ ನನ್ನ ಪಕ್ಕ ಕೂತಿದ್ದಳು. ಡಿಸ್ಕು ಎರಡು ಸಲ ಸಿಕ್ಕಿಕೊಂಡಿತು. ಹತ್ತು ವರ್ಷದವಳಿದ್ದಾಗ ಉಸಿರು ಬಿಗಿಹಿಡಿದು ನೋಡಿದ್ದ ಗೂಢಚಾರ ಈಗ ನೋಡಿದರೆ ಕೋಟಿನೊಳಗೆ ಬೆವರುತ್ತಿರುವ ಒಬ್ಬ ಸಾಧಾರಣ ಮನುಷ್ಯ. ನಾವಿಬ್ಬರೂ ನಗುತ್ತಿದ್ದೆವು. ಅಷ್ಟರಲ್ಲಿ ಆ ಕೋಣೆ ಬಂತು. ಕರ್ನಲ್, ಡ್ರಾಯರ್, ಹುಡುಗಿ, ಚೀಲ.

"ತಡಿ, ತಡಿ. ಹಿಂದೆ ಹಾಕು," ಅಂದಳು ನಾಗವೇಣಿ.

ಹಾಕಿದೆ.

"ಇವ್ಳಾ? ಇವ್ಳು ಮೊದ್ಲಿಂದ್ಲೂ ಅಲ್ಲೇ ನಿಂತಿದ್ಲಾ?"

"ಹೂಂ. ಮೊದ್ಲಿಂದ್ಲೂ."

"ಇನ್ನೊಂದ್ಸಲ ಹಾಕು."

ಮೂರು ಸಲ ನೋಡಿದಳು. ಈಳಿಗೆಯ ಮೇಲೆ ಕೈ ಹಾಗೆಯೇ ನಿಂತಿತ್ತು. ಆಮೇಲೆ ಮುಂಗೈಯಿಂದ ಕಣ್ಣೊರೆಸಿ ನಕ್ಕಳು. (ಈರುಳ್ಳಿ. ಈರುಳ್ಳಿಯೇ ಇರಬೇಕು.)

"ನಂಗೆ ಆ ಬದಿ ಅರ್ಧ ಟಿವಿ ಕಾಣ್ತಾನೇ ಇರ್ಲಿಲ್ಲ ಮಾರಾಯ್ತಿ. ಶುರು ಆಗುವಷ್ಟೊತ್ತಿಗೆ ಯಾರೋ ಕಿಟಕಿದು ಒಂದು ಬಾಗ್ಲು ಹಾಕಿದ್ರು. ನಾ ಆ ಬಾಗ್ಲ ಬದಿಗೇ ನಿಂತಿದ್ದೆ. ಸರಿಯೂಕೆ ಜಾಗ ಎಲ್ಲಿತ್ತು? ಏಳೆಂಟು ಜನ ಅಲ್ವಾ, ಒಂದೇ ಕಿಟಕಿಗೆ!"

"ಆವಾಗ್ಲೇ ಹೇಳ್ಬೇಕಿತ್ತು."

"ಎಂತ ಹೇಳೂದು? ನಿಮ್ಮನೆ ಕಿಟಕಿ."

ಬಸವರಾಜನಿಗೆ ಇದೇನೂ ಅರ್ಥವಾಗಲಿಲ್ಲ. "ಯಾಕ, ಒಳಗ ಹೋಗಿ ಕುಂದರಬೇಕಿಲ್ಲೇನ?" ಎಂದು ಕೇಳಿದ.

"ಸುಮ್ನಿರ್ರಿ. ಅಕ್ಕಂಗೆ ಮೊಸರು ತರ್ರಿ ಹೋಗಿ," ಅಂದಳು ನಾಗವೇಣಿ.

ಅವನು ಮೊಸರು ತಂದ. ನಾನು ರೊಟ್ಟಿ ಮುರಿಯುತ್ತ ತಲೆ ತಗ್ಗಿಸಿ ಕೂತೆ. ಏಕೆಂದರೆ ಆ ಕಿಟಕಿಯ ಬಾಗಿಲು ಹಾಕಿದ್ದು ಯಾರೆಂದು ನನಗೆ ಗೊತ್ತು.

ನಮ್ಮ ಕಿಟಕಿ ಪಡುವಣಕ್ಕೆ. ಆ ಸಂಜೆ ಬಿಸಿಲು ನೇರ ಟಿವಿಯ ಮೇಲೆ ಬಿದ್ದಿತ್ತು. ಒಳಗೆ ಕೂತವರಿಗೆ ಚಿತ್ರ ಮಸುಕಾಗಿತ್ತು. ಯಾರೂ ಹೇಳಲಿಲ್ಲ, ನಾನೇ ಎದ್ದೆ. ಎರಡು ಬಾಗಿಲಿನ ಕಿಟಕಿಯಲ್ಲಿ ಒಂದನ್ನು ಎಳೆದು ಹಾಕಿ ಬಂದು ಕೂತೆ. ದೊಡ್ಡಪ್ಪನ ಮಾತು ಈಗಲೂ ಕಿವಿಯಲ್ಲಿದೆ. "ಈಗ ಚೊಲೋ ಕಾಣ್ತು. ಕೂಸಿಗೆ ತಲೆ ಇದ್ದು!"

ಹೌದು, ತಲೆ ಇತ್ತು. ಒಬ್ಬಳ ಕಣ್ಣಿಗೆ ಅಡ್ಡ ಬಾಗಿಲು ಹಾಕಿ, ಮರುದಿನ ಅವಳನ್ನೇ ಕುರುಡಿ ಎನ್ನುವಷ್ಟು ತಲೆ.

ಎಲ್ಲ ಮನೆಗಳಲ್ಲೂ ಆಗ ಹಾಗೇ ಇತ್ತು, ನಾನು ಮಗು, ನನಗೇನು ಗೊತ್ತು ಎಂದು ಈ ಅಂಕಣದಲ್ಲಿ ಬರೆದು ಪಾರಾಗಬಹುದು. ಅವರನ್ನು ಹೊರಜಗುಲಿಯಲ್ಲಿ ನಿಲ್ಲಿಸಿದ್ದು ಹಿರಿಯರು, ಒಪ್ಪಿದೆ. ಕಿಟಕಿಯ ಬಾಗಿಲು? ಅಡ್ಡಹೆಸರು? ಅವೆರಡೂ ನನ್ನವೇ.

ಹೋಗಲಿ, ಈಗ ಮಗುವಲ್ಲವಲ್ಲ. ಧಾರವಾಡದಲ್ಲಿ ಎಂ.ಎ. ಮಾಡಿದ್ದೇನೆ. ತಪ್ಪೊಪ್ಪಿಕೊಳ್ಳಲು ಬಾರದ ಗಂಡಸರ ಬಗ್ಗೆ ಇದೇ ಜಾಗದಲ್ಲಿ ಬರೆದು ನಿಮ್ಮಿಂದ ಮೆಚ್ಚುಗೆಯ ಪತ್ರಗಳನ್ನು ಪಡೆದಿದ್ದೇನೆ. ಅಂಥವಳು ಗುರುವಾರ ಏನು ಮಾಡಿದೆ? "ನಾನೇ ಹಾಕಿದ್ದು, ವೇಣಿ" ಎನ್ನಲು ಒಂದು ಉಸಿರು ಸಾಕಿತ್ತು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಯಲ್ಲಾಪುರದ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದೆ.

ಹೊರಡುವಾಗ ವಿಸಿಡಿಯನ್ನು ಅಲ್ಲೇ ಬಿಟ್ಟೆ. "ಉಳಿದ ಕಂತು ನೀನೇ ನೋಡು."

"ಒಬ್ಳೇ ಎಂತ ನೋಡೂದು? ನೀ ಬಾ, ಒಟ್ಟಿಗೇ ನೋಡುವ," ಎಂದು ಅವಳು ನನ್ನ ಕೈಗೆ ಶೇಂಗಾ ಚಟ್ನಿಪುಡಿಯ ಪೊಟ್ಟಣ ಕೊಟ್ಟಳು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಸರಳು ಹಿಡಿದು ಕೂತೆ. ಯಲ್ಲಾಪುರ ಹತ್ತಿರವಾದಾಗ ಉಳಿದದ್ದೂ ನೆನಪಾಯಿತು. ನಮ್ಮ ಕಿಟಕಿಯ ಬಾಗಿಲುಗಳು ಒಳಗಿನಿಂದ ಹಾಕುವಂಥವು. ಹಾಕಬೇಕಾದರೆ ಸರಳಿನ ಹತ್ತಿರ ಹೋಗಲೇಬೇಕು. ನಾನು ಹೋದಾಗ ಆಚೆ ನಾಗವೇಣಿ ಇದ್ದಳು, ಗೇಣು ದೂರದಲ್ಲಿ. ನಾನು ಏನೋ ಹೇಳಲು ಬಂದೆನೆಂದು ಅವಳು ನಗುತ್ತ ಮುಖ ಮುಂದೆ ತಂದಿದ್ದಳು. ಆ ನಗುವಿನ ಮೇಲೆಯೇ ನಾನು ಬಾಗಿಲು ಎಳೆದದ್ದು.

ಹಾಗಿದ್ದ ಮೇಲೆ, ಗುರುವಾರ ಅವಳು "ಯಾರೋ" ಅಂದದ್ದು ಯಾರ ಮಾನ ಕಾಯಲು?